ಬೆನ್ನ ಹಿಂದಿನಿಂದ ಕರೆದು ನೋಡು

ಜೂನ್ ೩

ಅಕ್ಕಾ,

ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಏನಾಗುತ್ತದೆ ಅನ್ನುವುದು ಹೋದ ತಿಂಗಳು ಗೊತ್ತಾಯಿತಲ್ಲ. "ಇಷ್ಟೊತ್ತಿಗೆ ಒಂದೆರಡು ಮಾತು ಬರಬೇಕಿತ್ತು ಕಣೆ ಅವಳಿಗೆ" ಅಂತ ನೀನು ಅಂದೆ. ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಆ ಸದ್ದಿಗೆ ಇವರು ಸೋಪಿನ ನೊರೆಯಲ್ಲೇ ಬಚ್ಚಲಿನಿಂದ ಓಡಿ ಬಂದು ಏನು ಒಡೆಯಿತು ಅಂತ ಕೇಳಿದರು. ಚೋಟು ಮಾತ್ರ ತನ್ನ ಪಾಡಿಗೆ ತಾನು ಕೂತು ಚಪ್ಪಲಿ ಕಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಶಾಂತ ಸ್ವಭಾವ ಇರುವುದು ನನ್ನ ಮಗಳೊಬ್ಬಳಿಗೇ.

ಅದಕ್ಕೇ ಈ ಕಾಗದ. ಕಾಗದ ಕುಕ್ಕಿದರೆ ಸದ್ದಾಗುವುದಿಲ್ಲ.

ವಿಷಯ ಇಷ್ಟು. ಚೋಟುವನ್ನು ಇಷ್ಟು ದಿನ ನೋಡಿಕೊಳ್ಳುತ್ತಿದ್ದ ಕೆಳಮನೆಯ ಆಂಟಿ ತಮ್ಮ ಮಗನ ಊರಿಗೆ ಹೊರಟಿದ್ದಾರೆ. ಇತ್ತ ನಮ್ಮ ಕನ್ನಡಕದಂಗಡಿಯ ಯಜಮಾನರು, "ಬಂದ್ರೆ ಪೂರ್ತಿ ದಿನ ಬಾಮ್ಮ, ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ" ಅಂದಿದ್ದಾರೆ. ಇವರಿಗೆ ಪ್ರೆಸ್ಸಿನಲ್ಲಿ ಪಾಳಿ ಕೆಲಸ, ಮನೆಗೆ ಬಂದ ಕೂಡಲೇ ದಿಂಬು ಹುಡುಕುತ್ತಾರೆ. ನನಗೆ ಕೆಲಸ ಬಿಡುವ ಮನಸ್ಸಿಲ್ಲ. ಆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ ಕೂತು, ಒಂದೊಂದೇ ಗಾಜು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ" ಅಂತ ಕೇಳುವಾಗ ಮಾತ್ರ ನಾನೂ ಒಬ್ಬ ಮನುಷ್ಯಳು ಅನ್ನಿಸುತ್ತದೆ.

ಒಂದು ಒಳ್ಳೆಯ ಡೇಕೇರ್ ಹುಡುಕಬೇಕು. ಡೇಕೇರಿನಲ್ಲಿ ಊರಿನವರ ಮಕ್ಕಳ ಮೂಗು ಒರೆಸಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು ನೀನು. ಹೇಗೆ ಆರಿಸುವುದು ಹೇಳು. ಒಂದೇ ಷರತ್ತು. ಡೇಕೇರಿನ ಬಗ್ಗೆ ಏನು ಬೇಕಾದರೂ ಬರೆ, ಚೋಟು ಬಗ್ಗೆ ಒಂದಕ್ಷರ ಬರೆಯಕೂಡದು. ಅವಳಿಗೆ ಏನು ಬಂತು, ಏನು ಬರಲಿಲ್ಲ ಅಂತ ಅಳೆಯುವುದು ಬೇಡ. ಬರೆದರೆ ನಿನಗೂ ನನಗೂ ಅದೇ ಕೊನೆಯ ಕಾಗದ. ನನ್ನ ಹಟ ನಿನಗೆ ಗೊತ್ತಿದೆ.

ನಿನ್ನ ತಂಗಿ


ಜೂನ್ ೯

ನನ್ನ ಮುದ್ದಿನ ಮುಂಗೋಪಿಗೆ,

ನಿನ್ನ ಹಟ ಗೊತ್ತಿಲ್ಲದೆ ಏನು. ಅಮ್ಮ ಹೋದ ಮೇಲೆ ಒಂದು ಸೀರೆಯ ಮಾತಿಗೆ ನೀನು ನನ್ನ ಜೊತೆ ಮಾತು ಬಿಟ್ಟ ವರ್ಷಗಳು ನನಗೆ ಈ ಜನ್ಮಕ್ಕೆ ಸಾಕು. ಷರತ್ತಿಗೆ ಒಪ್ಪಿದ್ದೇನೆ. ಬಾಯಿಗೆ ಬೀಗ.

ಈಗ ಕೇಳು. ಬೆಳಿಗ್ಗೆ ಹೋಗಿ ನೋಡಬೇಡ, ಬೆಳಿಗ್ಗೆ ಎಲ್ಲ ಡೇಕೇರುಗಳೂ ಚೆಂದ. ಸಂಜೆ ಹೋಗು. ಮಕ್ಕಳಿಗೂ ದಣಿವು, ನೋಡಿಕೊಳ್ಳುವವರಿಗೂ ದಣಿವು, ಆಗ ಯಾರ ಬಾಯಿಂದ ಏನು ಬರುತ್ತದೆ ಕೇಳು. ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ಮರುಳಾಗಬೇಡ, ಮಕ್ಕಳು ಗೋಡೆಯ ಜೊತೆ ಆಡುವುದಿಲ್ಲ. ಒದ್ದೆ ಬಟ್ಟೆ ಬದಲಿಸುವುದು ಯಾರ ಕೆಲಸ ಅಂತ ಕೇಳು. "ಎಲ್ಲರದೂ" ಅಂದರೆ ಯಾರದೂ ಅಲ್ಲ ಅಂತ ಅರ್ಥ. ಹೊಸಬರಾದ ನಿನ್ನ ಹತ್ತಿರ ಮಕ್ಕಳು ಓಡಿ ಬಂದು ಸೀರೆ ಹಿಡಿದುಕೊಂಡರೆ ಹಿಗ್ಗಬೇಡ. ಎತ್ತಿಕೊಳ್ಳುವವರಿಲ್ಲದ ಮಕ್ಕಳು ಹಾಗೆ ಮಾಡುತ್ತವೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. ಮಗು ಮೊದಲ ಹೆಜ್ಜೆ ಇಡುವುದು ಎಷ್ಟೋ ಸಲ ನಮ್ಮ ಕಣ್ಣ ಮುಂದೆಯೇ. ನಾವು ಬಾಯಿ ಬಿಡುವುದಿಲ್ಲ. ಸಂಜೆ ತಾಯಿ ಬಂದಾಗ, "ಇವತ್ತು ನಾಳೆ ನಡೆಯೋ ಹಾಗಿದೆ, ಕಣ್ಣಿಟ್ಟಿರಿ" ಅಂತ ಮಾತ್ರ ಅಂದು ಕಳಿಸುತ್ತೇವೆ. ಮರುದಿನ ಆಕೆ ಕುಣಿಯುತ್ತಾ ಬಂದು "ನಡೆದಳು ನಡೆದಳು" ಅಂದರೆ ನಾವೂ ಮೊದಲ ಸಲ ಕೇಳಿದವರ ಹಾಗೆ ಕೈ ತಟ್ಟುತ್ತೇವೆ. ಮೊದಲನೆಯದು ಏನಿದ್ದರೂ ಹೆತ್ತವಳದು. ಅದನ್ನು ಬಾಯಿಗೆ ಬಂದ ಹಾಗೆ ಒದರುವವರ ಹತ್ತಿರ ಮಗು ಬಿಡಬೇಡ.

ಇನ್ನೊಂದು. ನಮ್ಮಲ್ಲಿ ಹೊಸ ಮಗು ಬಂದ ದಿನ ಅದರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯುತ್ತೇವೆ. ಒಳ್ಳೆಯ ಕಡೆಯಲ್ಲೆಲ್ಲ ಹೀಗೆ ಮಾಡುತ್ತಾರೆ. ನೀನು ಹೋದಲ್ಲಿ ಮಾಡುತ್ತಾರಾ ನೋಡು. ಅವರು ಕರೆಯುವಾಗ ನೀನೂ ಅಲ್ಲೇ ನಿಂತು ನೋಡು. ಸುಮ್ಮನೆ ಹೇಳಿದೆ.

ನಿನ್ನ ಅಕ್ಕ


ಜೂನ್ ೧೭

ಅಕ್ಕಾ,

ನಿನ್ನ ಮಾತಿನಂತೆ ಎರಡು ಡೇಕೇರಿಗೆ ಸಂಜೆಯ ಹೊತ್ತಿಗೇ ಹೋಗಿಬಂದೆ.

ಒಂದು, ಸೈಕಲ್ ಅಂಗಡಿಯ ಮೇಲೆ. ಮರದ ಮೆಟ್ಟಿಲು, ಮರದ ನೆಲ, ಮೇಲೆ ಮಕ್ಕಳು ಕುಣಿದರೆ ಕೆಳಗೆ ರಿಪೇರಿಯವನ ತಲೆಗೆ ಧೂಳು. ನಡೆಸುವ ಹೆಂಗಸಿಗೆ ಗಂಟಲೋ ಗಂಟಲು. "ಬಾಯಲ್ಲಿ ಏನೋ ಅದು, ಉಗಿ" ಅಂತ ಆಕೆ ಕೂಗಿದರೆ ರಸ್ತೆಯಲ್ಲಿ ಹೋಗುವವರೂ ಉಗಿಯಬೇಕು. ಮನಸ್ಸಿನಲ್ಲೇ ಗಂಟಲಮ್ಮ ಅಂತ ಹೆಸರಿಟ್ಟೆ. ಬೆನ್ನ ಹಿಂದಿನಿಂದ ಕರೆಯುವ ನಿನ್ನ ಪದ್ಧತಿ ಆಕೆಗೆ ಗೊತ್ತಿದೆ. ಚೋಟುವನ್ನು ಕೂರಿಸಿ, ಹಿಂದೆ ನಿಂತು, ಆ ಗಂಟಲಿನಲ್ಲಿ ಕರೆದಳು. ಇಡೀ ಕೋಣೆಯ ಮಕ್ಕಳು ತಿರುಗಿದವು, ನಾನೂ ತಿರುಗಿದೆ. ನಮ್ಮ ಚೋಟು ಒಂದು ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. ಅಷ್ಟು ತನ್ಮಯತೆ! ನನಗೆ ಹೆಮ್ಮೆಯೇ ಆಯಿತು.

ಆದರೆ ಆ ಹೆಂಗಸು ಏನೆಂದಳು ಗೊತ್ತಾ? "ತಾಯಿ, ಬೇಜಾರು ಮಾಡ್ಕೋಬೇಡಿ. ಮಗು ತಿರುಗಲಿಲ್ಲ. ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಿಬಿಡಿ." ನನ್ನ ಮೈ ಉರಿಯಿತು. ಮಗು ಆಕೆಯ ಮನೆಗೆ ಕಾಲಿಟ್ಟು ಒಂದು ಗಳಿಗೆಯಾಗಿಲ್ಲ, ಆಗಲೇ ಕುಂದು ಹುಡುಕುವುದಾ? ನೀನೇ ಬರೆದಿದ್ದೆ, ಬಾಯಿಗೆ ಬಂದ ಹಾಗೆ ಒದರುವವರ ಹತ್ತಿರ ಬಿಡಬೇಡ ಅಂತ. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ.

ಇನ್ನೊಂದು, ಗಾಜಿನ ಬಾಗಿಲಿನದು. ಒಳಗೆ ಕಾಲಿಟ್ಟರೆ ತಂಪು. ಅಲ್ಲಿನ ಮೇಡಂ ಮೆಲ್ಲಗೆ ಮಾತಾಡುತ್ತಾರೆ. ನಾನು ಅವರನ್ನು ಪರೀಕ್ಷಿಸೋಣ ಅಂತ, "ನನ್ನ ಮಗಳು ಇಲ್ಲಿ ಮೊದಲ ಹೆಜ್ಜೆ ಇಟ್ಟರೆ ಹೇಳುತ್ತೀರಾ" ಅಂತ ಕೇಳಿದೆ. "ಇಲ್ಲಮ್ಮ, ನಾವು ಹಾಗೆಲ್ಲ ಏನೂ ಹೇಳೋಕೆ ಹೋಗಲ್ಲ" ಅಂದರು. ನನ್ನ ಅಕ್ಕನ ಬಾಯಿಂದಲೇ ಬಂದ ಹಾಗಿತ್ತು. ಅವರು ಹಿಂದಿನಿಂದ ಕರೆಯಲಿಲ್ಲ, ನಿಜ. ಆದರೆ ಎಲ್ಲದರಲ್ಲೂ ಪಾಸಾಗುವವರು ಎಲ್ಲಿ ಸಿಗುತ್ತಾರೆ?

ಅಲ್ಲೇ ಸೇರಿಸಿಬಿಟ್ಟೆ. ನಿನ್ನ ಉಪಕಾರ.

ನಿನ್ನ ತಂಗಿ


ಜೂನ್ ೨೩

ಮುಂಗೋಪಿಗೆ,

ಕಾಗದ ಬಂತು. ಎರಡು ಸಲ ಓದಿದೆ.

ಗಾಜಿನ ಬಾಗಿಲು ಇರಲಿ. ಆದರೂ ಆ ಗಂಟಲಮ್ಮನ ಮಾತನ್ನು ಹಾಗೆ ಕೊಡವಿ ಹಾಕಬೇಡ. ಎಷ್ಟೋ ಮಕ್ಕಳನ್ನು ಕಂಡವಳು. ಒರಟಾಗಿ ಹೇಳಿದರೂ ಅದರಲ್ಲಿ ಕೆಡುಕು ಇರಬೇಕು ಅಂತೇನಿಲ್ಲ. ಒದರಬಾರದು ಅಂತ ನಾನು ಬರೆದದ್ದು ಹೆಜ್ಜೆಯ ವಿಷಯಕ್ಕೆ, ಎಲ್ಲದಕ್ಕೂ ಅಲ್ಲ.

ಈ ಜೊತೆ ಒಂದು ಗಿಲಕಿ ಕಳಿಸಿದ್ದೇನೆ. ದೊಡ್ಡಮ್ಮ ಕೊಟ್ಟಳು ಅಂತ ಹೇಳು. ಮುಂದೆ ಹಿಡಿದು ಆಡಿಸಬೇಡ, ಹಿಂದಿನಿಂದ ಅಲ್ಲಾಡಿಸು. ಮಕ್ಕಳಿಗೆ ಹಾಗೆ ಆಡಿಸಿದರೆ ಖುಷಿ. ಅವಳು ಏನು ಮಾಡಿದಳು ಅಂತ ನನಗೆ ಬರೆ.

ಇಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಓದಲು ಹೋಗಬೇಡ. ಷರತ್ತು ನೆನಪಾಯಿತು.

ನಿನ್ನ ಅಕ್ಕ


ಜುಲೈ ೨

ಅಕ್ಕಾ,

ಹೊಡೆದು ಹಾಕಿದ ಸಾಲನ್ನು ಓದಬೇಡ ಅಂತ ಕಣ್ಣು ಪರೀಕ್ಷೆ ಮಾಡುವವಳಿಗೆ ಹೇಳುತ್ತೀಯಲ್ಲ! ಅಂಗಡಿಯ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದೆ. "ಅವತ್ತು ನಮ್ಮ ಮನೆಯಲ್ಲಿ ತಟ್ಟೆ" ಅನ್ನುವಷ್ಟು ಕಂಡಿತು, ಮುಂದಿನದನ್ನು ಗೀಚಿ ಹಾಕಿದ್ದೀಯ. ನಾವು ನಿನ್ನ ಮನೆಗೆ ಬಂದಿದ್ದಾಗ ಒಡೆದ ಆ ಪಿಂಗಾಣಿ ತಟ್ಟೆ ತಾನೇ? ಅದು ನಿನ್ನ ಕೈಯಿಂದಲೇ ಜಾರಿದ್ದು, ಮಹಾರಾಯ್ತಿ. ಒಂದು ತಟ್ಟೆಯ ದುಃಖವನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯಾ? ಮುಂದಿನ ಸಲ ಬರುವಾಗ ಹೊಸದು ತರುತ್ತೇನೆ, ಸಮಾಧಾನ ಮಾಡಿಕೋ.

ಗಿಲಕಿ ಬಂತು. ಬಣ್ಣ ಅವಳಿಗೆ ತುಂಬಾ ಹಿಡಿಸಿದೆ, ಬಾಯಿಂದ ತೆಗೆಯುವುದೇ ಇಲ್ಲ. ನೀನು ಹೇಳಿದ ಹಾಗೆ ಹಿಂದಿನಿಂದಲೂ ಅಲ್ಲಾಡಿಸಿದೆ. ತಿರುಗಿದಳು! ಬೀರುವಿನ ಕನ್ನಡಿಯ ಮುಂದೆ ಕೂತು ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದಳು, ನಾನು ಹಿಂದೆ ಗಿಲಕಿ ಎತ್ತಿದ್ದೇ ತಡ, ಗಕ್ಕನೆ ತಿರುಗಿ ನಕ್ಕಳು. ಆ ಗಂಟಲಮ್ಮನನ್ನು ಕರೆತಂದು ತೋರಿಸೋಣ ಅನ್ನಿಸಿತು.

ಡೇಕೇರಿನಲ್ಲಿ ಎಲ್ಲರಿಗೂ ಅವಳೆಂದರೆ ಪ್ರಾಣ. ಅಷ್ಟು ಮಕ್ಕಳ ಗಲಾಟೆಯ ನಡುವೆ ಹಾಸಿಗೆಗೆ ಹಾಕಿದ ಕೂಡಲೇ ನಿದ್ದೆ ಮಾಡುತ್ತಾಳಂತೆ. "ಇಂಥ ಮಗು ಹತ್ತು ಇದ್ರೂ ನಮಗೆ ಕಷ್ಟ ಇಲ್ಲ" ಅಂತ ಮೇಡಂ ಹೇಳುತ್ತಾರೆ. ಅಂಗಡಿಯಲ್ಲಿ ನಾನು ನೆಮ್ಮದಿಯಿಂದ ಇದ್ದೇನೆ.

ನಿನ್ನ ತಂಗಿ


ಜುಲೈ ೧೦

ತಂಗಿಗೆ,

ಹೌದು, ತಟ್ಟೆಯದೇ. ಆರರ ಸೆಟ್ಟಿನಲ್ಲಿ ಒಂದು ಹೋಯಿತಲ್ಲ ಅಂತ ಮನಸ್ಸಿಗೆ ಚುರ್ ಅಂದಿತ್ತು. ನಾನು ಜುಗ್ಗಿ, ನಿನಗೆ ಗೊತ್ತಲ್ಲ. ಹೊಸದೇನೂ ಬೇಡ.

ಗಿಲಕಿಯ ಆಟವನ್ನು ಕನ್ನಡಿ ಇಲ್ಲದ ಕಡೆ ಇನ್ನೊಂದು ಸಲ ಆಡು. ದಯವಿಟ್ಟು.

ನಿನ್ನ ಅಕ್ಕ


ಆಗಸ್ಟ್ ೧೪

ತಂಗಿಗೆ,

ಒಂದು ತಿಂಗಳ ಮೇಲಾಯಿತು, ನಿನ್ನಿಂದ ಕಾಗದವಿಲ್ಲ. ಫೋನ್ ಮಾಡಿದರೆ ಕತ್ತರಿಸುತ್ತೀಯ. ಕನ್ನಡಿಯ ಮಾತು ನಿನಗೆ ನಾಟಿತು ಅಂತ ಕಾಣುತ್ತದೆ. ತಪ್ಪಾಯಿತು, ಷರತ್ತು ಮೀರಿದೆ. ಇನ್ನು ಮೇಲೆ ಆ ಸುದ್ದಿ ಎತ್ತುವುದಿಲ್ಲ.

ಇಲ್ಲಿ ನಮ್ಮ ಡೇಕೇರಿಗೆ ಹೊಸ ಮೇಜು ಕುರ್ಚಿ ಬಂದಿವೆ. ಕುರ್ಚಿ ಎಷ್ಟು ಗಿಡ್ಡ ಅಂದರೆ, ಕೂತರೆ ಏಳಲು ನನಗೆ ಇಬ್ಬರು ಬೇಕು. ಮಕ್ಕಳು ಕೈ ಹಿಡಿದು ಎಳೆಯುತ್ತವೆ. ನೀನು ನೋಡಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ಒಂದು ಸಾಲಾದರೂ ಬರೆ. ಅಂಗಡಿಯ ವಿಷಯ ಬರೆ, ಯಜಮಾನರನ್ನು ಬೈದು ಬರೆ, ಏನಾದರೂ.

ನಿನ್ನ ಅಕ್ಕ


ಸೆಪ್ಟೆಂಬರ್ ೨೧

ನಿನಗೆ,

ಹೋದ ವಾರ ಗಾಜಿನ ಬಾಗಿಲಿನ ಮನೆಯಲ್ಲಿ ಊಟದ ತಟ್ಟೆಗಳ ಅಟ್ಟಿ ಬಿತ್ತು. ಸ್ಟೀಲಿನ ತಟ್ಟೆಗಳು, ಅಷ್ಟೂ ಒಂದೇ ಸಲಕ್ಕೆ. ಮಲಗಿದ್ದ ಮಕ್ಕಳೆಲ್ಲ ಕಿಟಾರನೆ ಕಿರುಚಿಕೊಂಡು ಎದ್ದವಂತೆ. ಒಂದು ಮಗು ಹೆದರಿ ವಾಂತಿ ಮಾಡಿತಂತೆ. ಸಂಜೆ ನಾನು ಹೋದಾಗ ಮೇಡಂ ನಗುನಗುತ್ತಾ ಎದುರು ಬಂದರು. "ನಿಮ್ಮ ಮಗಳು ಬಿಡಿ, ಗಟ್ಟಿಗಿತ್ತಿ! ಅಲ್ಲೇ ಬೆನ್ನು ಹಾಕಿ ಕೂತು ಲೋಟ ಜೋಡಿಸ್ತಾ ಇದ್ದಳು. ಒಂಚೂರು ಬೆಚ್ಚಲಿಲ್ಲ. ಏನು ಧೈರ್ಯ!"

ನಾನೂ ನಕ್ಕೆ. ಥ್ಯಾಂಕ್ಸ್ ಅಂದೆ, ಕೇಳಿದೆಯಾ? ಥ್ಯಾಂಕ್ಸ್ ಅಂದು ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಬಂದೆ. ಅಲ್ಲಿ ನಿನ್ನ ಸಾಲು ಕಣ್ಣ ಮುಂದೆ ಬಂತು. ಅವತ್ತು ನಮ್ಮ ಮನೆಯಲ್ಲಿ ತಟ್ಟೆ. ಗೇಟು ಹಿಡಿದು ನಿಂತುಬಿಟ್ಟೆ. ಮಗುವನ್ನು ನೆಲಕ್ಕಿಳಿಸಿ, ಹಿಂದೆ ಹೋಗಿ, ರಸ್ತೆಯಲ್ಲಿ ಹೋಗುವವರೆಲ್ಲ ತಿರುಗುವ ಹಾಗೆ ಅವಳನ್ನು ಕೂಗಿದೆ. ಎಲ್ಲರೂ ತಿರುಗಿದರು. ಅವಳು ಗೇಟಿನ ಬುಡದಲ್ಲಿ ಒಂದು ಇರುವೆಯನ್ನು ನೋಡುತ್ತಿದ್ದಳು.

ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿದ್ದಾರೆ. ಎರಡೂ ಕಿವಿ. ಹುಟ್ಟಿದಾಗಿನಿಂದ. ಯಂತ್ರ ಹಾಕಬಹುದು, ಮಾತು ಕಲಿಸಬಹುದು, ಕೈ ಭಾಷೆ ಕಲಿಸಬಹುದು, ಎಲ್ಲಕ್ಕೂ ದಾರಿ ಇದೆ ಅಂದರು. ಆಮೇಲೆ, "ಈ ವಯಸ್ಸಲ್ಲಿ ಒಂದೊಂದು ತಿಂಗಳೂ ದೊಡ್ಡದು ಕಣಮ್ಮ, ಯಾರೂ ಗಮನಿಸಲೇ ಇಲ್ವಾ" ಅಂತ ಕೇಳಿದರು. ಗಮನಿಸಿದವರು ಇಬ್ಬರು. ಒಬ್ಬಳು ಮೊದಲ ದಿನವೇ ಮುಖದ ಮೇಲೆ ಹೇಳಿದಳು, ಅವಳ ಮನೆಯ ಮೆಟ್ಟಿಲನ್ನು ನಾನು ಮತ್ತೆ ತುಳಿಯಲಿಲ್ಲ. ಇನ್ನೊಬ್ಬಳು ನನ್ನ ಒಡಹುಟ್ಟಿದವಳು.

ಅವತ್ತು ನಿನ್ನ ಮನೆಯಲ್ಲಿ ತಟ್ಟೆ ಜಾರಿತಾ, ಬೀಳಿಸಿದೆಯಾ? ನಿಜ ಹೇಳು.

ಪ್ರತಿ ಕಾಗದದಲ್ಲೂ ಸುತ್ತಿ ಬಳಸಿ ಬರೆದೆ. ಹಿಂದೆ ನಿಂತು ಕರೆ, ಗಿಲಕಿ ಆಡಿಸು, ಕನ್ನಡಿ ಇಲ್ಲದ ಕಡೆ ಆಡು. ನೇರವಾಗಿ "ಮಗುವಿಗೆ ಕಿವಿ ಕೇಳುತ್ತಿಲ್ಲ ಕಣೆ" ಅಂತ ಒಂದು ಸಾಲು ಬರೆಯಲು ನಿನ್ನ ಕೈ ಬಿದ್ದುಹೋಗಿತ್ತಾ? ತಟ್ಟೆಯ ದುಃಖ ಅಂತ ಸುಳ್ಳು ಬೇರೆ ಬರೆದೆ. ನಾನು ಷರತ್ತು ಹಾಕಿದ್ದೆ, ಹೌದು. ಹುಚ್ಚಿ ಥರ ಹಾಕಿದ್ದೆ. ಹುಚ್ಚಿಯ ಮಾತಿಗೆ ತಲೆಯಾಡಿಸು ಅಂತ ನಿನಗೆ ಯಾರು ಹೇಳಿದರು? ನೀನು ದೊಡ್ಡವಳಲ್ಲವಾ?


ಸೆಪ್ಟೆಂಬರ್ ೨೮

ತಂಗಿಗೆ,

ಬೀಳಿಸಿದೆ. ನೀವು ಬಂದ ಮೊದಲ ದಿನವೇ ನನಗೆ ಅನುಮಾನ ಬಂದಿತ್ತು. ನೀನು ಆಚೆ ಬಟ್ಟೆ ಒಣಹಾಕಲು ಹೋದಾಗ ಅವಳ ಬೆನ್ನ ಹಿಂದೆ ತಟ್ಟೆ ಬೀಳಿಸಿದೆ. ಅವಳು ಅಲ್ಲಾಡಲಿಲ್ಲ. ನೀನು ಓಡಿ ಬಂದು "ಏನಾಯ್ತಕ್ಕ, ಕೈಗೆ ತಾಗಿತಾ" ಅಂತ ನನ್ನ ಕೈ ಹಿಡಿದು ನೋಡಿದೆ. ಆಗಲೇ ಹೇಳಬೇಕಿತ್ತು. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. ಮುಂದೆ ಫೋನಿನಲ್ಲಿ, ಮಾತು ಬರಬೇಕಿತ್ತು ಅನ್ನುವ ಅರ್ಧವನ್ನು ಹೇಳಿ ನೋಡಿದೆ. ಅಷ್ಟಕ್ಕೇ ನೀನು ಫೋನ್ ಕುಕ್ಕಿದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ನಿನಗೆ ಹಿತವಾಗುವುದಿಲ್ಲ. ನೇರವಾಗಿ ಬರೆದಿದ್ದರೆ ನೀನು ಏನು ಮಾಡುತ್ತಿದ್ದೆ? ಗಂಟಲಮ್ಮನಿಗೆ ಮಾಡಿದ್ದನ್ನೇ. ಅವಳಿಗಾದರೆ ಬೇರೆ ಮಕ್ಕಳಿವೆ. ನನಗೆ ಇರುವವಳು ನೀನೊಬ್ಬಳು. ಒಂದು ಕನ್ನಡಿಯ ಮಾತಿಗೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡವಳು, ಕಿವಿಯ ಮಾತಿಗೆ ಎಷ್ಟು ವರ್ಷ ಮುಚ್ಚಿಕೊಳ್ಳುತ್ತಿದ್ದೆ? ಪ್ರತಿ ಸಲ ಪೆನ್ನು ಹಿಡಿದಾಗಲೂ ಅದೇ ಹೆದರಿಕೆ. ನೀನೇ ಕಂಡುಕೊಳ್ಳಲಿ, ನಿನ್ನ ಕಣ್ಣಿಗೇ ಬೀಳಲಿ, ಆಗ ನನ್ನ ಮೇಲೆ ಬರುವುದಿಲ್ಲ ಅಂತ ಕಾದೆ. ಮೊದಲ ಹೆಜ್ಜೆಯನ್ನು ಹೆತ್ತವಳಿಗೆ ಬಿಟ್ಟುಕೊಡುವ ಹಾಗೆ ಇದನ್ನೂ ನಿನಗೆ ಬಿಟ್ಟುಕೊಟ್ಟೆ. ಹೆಜ್ಜೆಯಾದರೆ ಒಂದು ದಿನ ತಡವಾದರೂ ನಡೆಯುತ್ತದೆ. ಇದು ಹಾಗಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಬೇರೆಯವರ ಮಗುವಾಗಿದ್ದರೆ ಆ ತಾಯಿಯನ್ನು ಅವತ್ತೇ ಕೂರಿಸಿಕೊಂಡು ಹೇಳುತ್ತಿದ್ದೆ. ಎಷ್ಟೋ ಜನಕ್ಕೆ ಹೇಳಿದ್ದೇನೆ. ನನ್ನ ತಂಗಿಯ ಮಗು ಆದದ್ದಕ್ಕೆ ಹೇಳಲಿಲ್ಲ.

ರಜೆ ಹಾಕಿದ್ದೇನೆ. ಬರಲಾ? ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಬೇಕಾದರೆ ಕೆಲಸ ಬಿಟ್ಟೇ ಬರುತ್ತೇನೆ. ಈ ಮಾತನ್ನು ನಿನ್ನ ಮೊದಲ ಕಾಗದ ಬಂದಾಗಲೇ ಬರೆಯಬೇಕು ಅಂದುಕೊಂಡಿದ್ದೆ. ನೀನು ಕೇಳಿದ್ದು ಡೇಕೇರ್ ಆರಿಸುವುದು ಹೇಗೆ ಅಂತ, ಅಕ್ಕಾ ಬಾ ಅಂತ ಕೇಳಲಿಲ್ಲ.

ನಿನ್ನ ಅಕ್ಕ


ಡಿಸೆಂಬರ್ ೫

ಅಕ್ಕಾ,

ಬರಬೇಡ. ಆ ಮೊದಲ ಕಾಗದ ಬರೆದಾಗ ನಾನು ಕಾಯುತ್ತಿದ್ದದ್ದೂ ಬರುತ್ತೇನೆ ಅನ್ನುವ ನಿನ್ನ ಆ ಒಂದು ಮಾತಿಗೇ. ನೀನು ಡೇಕೇರಿನ ಲಕ್ಷಣಗಳನ್ನು ಬರೆದು ಕಳಿಸಿದೆ. ಇರಲಿ, ಈಗ ಅದರ ಹೊತ್ತು ಹೋಯಿತು.

ಚೋಟು ಈಗ ಸೈಕಲ್ ಅಂಗಡಿಯ ಮೇಲಿನ ಮನೆಗೆ ಹೋಗುತ್ತಾಳೆ. ನಾನು ತಲೆ ತಗ್ಗಿಸಿ ಆ ಮೆಟ್ಟಿಲು ಹತ್ತಿದಾಗ, ಆಕೆ "ಅವತ್ತೇ ಹೇಳಿರಲಿಲ್ವಾ" ಅನ್ನಬಹುದು ಅಂತ ಕಾದಿದ್ದೆ. "ಬಂದ್ಯಾ, ಬಾ. ಊಟ ಏನು ಮಾಡುತ್ತೆ ಮಗು?" ಅಂದಳು, ಅಷ್ಟೇ. ಈಗ ಚೋಟುವನ್ನು ಕರೆಯಬೇಕಾದರೆ ಆಕೆ ಕೂಗುವುದಿಲ್ಲ, ಕಾಲಿನಿಂದ ಆ ಮರದ ನೆಲವನ್ನು ಗುದ್ದುತ್ತಾಳೆ. ನೆಲ ಅದುರಿದ ಕೂಡಲೇ ಇವಳು ತಿರುಗುತ್ತಾಳೆ. ಇಷ್ಟು ದಿನ ಬೈಯುತ್ತಿದ್ದ ಕೆಳಗಿನ ರಿಪೇರಿಯವನು ಈಗ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಾನೆ. ಕಿವಿಗೆ ಯಂತ್ರ ಬಂದಿದೆ, ಕಿತ್ತು ಕಿತ್ತು ಎಸೆಯುತ್ತಾಳೆ, ನಾವು ಮತ್ತೆ ಮತ್ತೆ ಹಾಕುತ್ತೇವೆ. ವಾರಕ್ಕೆರಡು ಸಲ ಮಾತು ಕಲಿಸುವವರ ಹತ್ತಿರ ಹೋಗುತ್ತೇವೆ. ಹೋದ ತಿಂಗಳುಗಳನ್ನು ಅವರು ವಾಪಸ್ ಕೊಡಲಾರರು.

ಅಕ್ಟೋಬರಿನಲ್ಲಿ ಒಂದು ಸಂಜೆ ನಾನು ಇನ್ನೂ ರಸ್ತೆ ದಾಟುತ್ತಿದ್ದೆ, ಆಕೆ ಮೇಲಿನ ಕಿಟಕಿಯಿಂದಲೇ ಕೂಗಿದಳು. "ನಡೆದಳು ಕಣಮ್ಮಾ ನಿನ್ನ ಮಗಳು! ಗೋಡೆಯಿಂದ ನನ್ನ ಮಡಿಲಿಗೆ ಬಂದಳು!" ಇಡೀ ಬೀದಿಗೆ ಕೇಳಿಸಿತು. ನನ್ನ ಮಗಳ ಮೊದಲ ಹೆಜ್ಜೆಯನ್ನು ನಾನು ನೋಡಲಿಲ್ಲ, ಹಾಲಿನವನ ಜೊತೆ ನಿಂತು ಕೇಳಿದೆ. ನಿನ್ನ ಪದ್ಧತಿಯ ಪ್ರಕಾರ ಅದು ಕಳ್ಳತನ. ನನಗೆ ಅಲ್ಲೇ ಅಳು ಬಂತು, ಸಂತೋಷಕ್ಕೆ. ಕಂಡದ್ದನ್ನು ಕಂಡ ಹಾಗೆ ಹೇಳುವವರು ಒಬ್ಬರಾದರೂ ನನ್ನ ಮಗಳ ಹತ್ತಿರ ಇದ್ದಾರಲ್ಲ.

ಮೊನ್ನೆ ಅವಳು ಮೊದಲ ಮಾತನ್ನೂ ಆಡಿದಳು. ನನ್ನ ಎದುರಿಗೇ, ನನ್ನ ಮುಖ ನೋಡಿಕೊಂಡು. ಅದು ಏನು ಅಂತ ನಿನಗೆ ಬರೆಯುವುದಿಲ್ಲ. ಬಾಯಿಂದ ಬಂತೋ ಕೈಯಿಂದ ಬಂತೋ, ಅದನ್ನೂ ಬರೆಯುವುದಿಲ್ಲ. ಬಾಯಿ ಬಿಡಬಾರದು ಅಂತ ನೀನೇ ಕಲಿಸಿದ್ದೀಯ.

ತಂಗಿ